ಲಕ್ವ ಬಡಿದ ಮೇಲೆ: ಚೇತರಿಕೆಯ ಪಾಠ ಆಸ್ಪತ್ರೆಯಲ್ಲೇ ಆರಂಭವಾಗಲಿ

"ಡಾಕ್ಟ್ರೇ, ಜೀವಕ್ಕೇನೂ ಭಯವಿಲ್ಲ ಅಂದಿರಲ್ಲ, ನಮಗೆ ಅಷ್ಟೇ ಸಾಕು. ಇನ್ನು ಒಂದೆರಡು ತಿಂಗಳು ಅಲುಗಾಡಿಸದೆ ಮಲಗಿಸಿ ನೋಡಿಕೊಳ್ಳುತ್ತೇವೆ."

ಪಾರ್ಶ್ವವಾಯು ಪೀಡಿತರ ಮನೆಯವರು ವೈದ್ಯರ ಮುಂದೆ ಸಾಮಾನ್ಯವಾಗಿ ಆಡುವ ಮಾತಿದು. ಇದರ ಹಿಂದೆ ಇರುವುದು ಪ್ರೀತಿ ಮತ್ತು ಕಾಳಜಿ. ಆದರೆ ಇದೇ ಕಾಳಜಿ ರೋಗಿಯನ್ನು ಶಾಶ್ವತವಾಗಿ ಹಾಸಿಗೆಗೆ ಕಟ್ಟಿಹಾಕಿಬಿಡಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ.

ಒಂದು ಕಾಲದಲ್ಲಿ ನನಗೂ ಇದು ಸರಿಯಾಗಿ ತಿಳಿದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಎಂ.ಬಿ.ಬಿ.ಎಸ್. ಮುಗಿಸಿದ ಹೊಸತು. ನನ್ನ ದೊಡ್ಡಪ್ಪನಿಗೆ ಎಡಗೈ, ಎಡಗಾಲು ಸೋತು ಊರ ಹತ್ತಿರದ ಆಸ್ಪತ್ರೆಗೆ ಸೇರಿಸಿದ್ದರು. ಪ್ರಜ್ಞೆ ಚೆನ್ನಾಗಿತ್ತು. ಮಾತು ತುಸು ತೊದಲುತ್ತಿತ್ತು, ಅಷ್ಟೆ. ಮರುದಿನ ನಾನು ಹೋದಾಗ ದೊಡ್ಡಮ್ಮ ಅವರನ್ನು ಮಲಗಿಸಿಕೊಂಡೇ ಗಂಜಿ ಕುಡಿಸುತ್ತಿದ್ದರು. ಪ್ರತಿ ಚಮಚಕ್ಕೂ ದೊಡ್ಡಪ್ಪ ಕೆಮ್ಮುತ್ತಿದ್ದರು. "ನಿಧಾನಕ್ಕೆ ಕುಡಿಸಿ ದೊಡ್ಡಮ್ಮಾ" ಎಂದಷ್ಟೇ ಹೇಳಿ ನಾನು ಸುಮ್ಮನಾದೆ. ನಾಲ್ಕನೆಯ ದಿನ ಜ್ವರ ಬಂತು. ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಮೂರು ವಾರ ಮಲಗಿದಲ್ಲೇ ಕಳೆದು ಬೆನ್ನಲ್ಲಿ ಹುಣ್ಣಾಯಿತು. ಮನೆಗೆ ಬಂದಾಗ ಅಂಗಿ ತೊಡಿಸಲೂ ಆಗದಷ್ಟು ಭುಜ ನೋಯುತ್ತಿತ್ತು. ಆಮೇಲೆ ಆರು ವರ್ಷ ಬದುಕಿದರು, ಆದರೆ ಒಮ್ಮೆಯೂ ತಮ್ಮ ತೋಟದವರೆಗೆ ನಡೆದು ಹೋಗಲಿಲ್ಲ. ಮೆದುಳಿಗೆ ಬಿದ್ದ ಪೆಟ್ಟು ಅಷ್ಟು ದೊಡ್ಡದಾಗಿರಲಿಲ್ಲ. ಆ ಮೂರು ವಾರಗಳಲ್ಲಿ ಬಿದ್ದ ಪೆಟ್ಟು ದೊಡ್ಡದಾಗಿತ್ತು.

ಅಂತಹ ಸ್ಥಿತಿ ನಿಮ್ಮ ಮನೆಯವರಿಗೆ ಬಾರದಿರಲಿ ಎಂದು ಈ ವಾರದ ಲೇಖನ.

ಮೆದುಳಿನಲ್ಲಿ ಏನಾಗಿರುತ್ತದೆ?

ಪಾರ್ಶ್ವವಾಯುವಿನಲ್ಲಿ ಮೆದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತುಹೋಗುತ್ತದೆ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು. ಉಳಿದವರಲ್ಲಿ ರಕ್ತನಾಳ ಒಡೆದು ರಕ್ತಸ್ರಾವವಾಗಿರುತ್ತದೆ. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಾದರೆ ಸೋತ ಕೈ ಮತ್ತೆ ಆಡುವುದು ಹೇಗೆ? ಸತ್ತ ಭಾಗದ ಸುತ್ತಲಿನ ಕೋಶಗಳು ಕೆಲವು ದಿನ ಮಂಕಾಗಿದ್ದು, ಬಾವು ಇಳಿದಂತೆ ಎಚ್ಚೆತ್ತುಕೊಳ್ಳುತ್ತವೆ. ಇದು ಒಂದು ಕಾರಣ. ಎರಡನೆಯದು, ಉಳಿದ ನರಕೋಶಗಳು ತಮ್ಮೊಳಗೆ ಹೊಸ ಸಂಪರ್ಕ ಬೆಳೆಸಿಕೊಂಡು ಹೋದ ಕೋಶಗಳ ಕೆಲಸವನ್ನು ಕಲಿತುಕೊಳ್ಳುತ್ತವೆ. ಹೆದ್ದಾರಿಯ ಸೇತುವೆ ಮುರಿದಾಗ ಜನ ಹೊಲದ ಬದುವಿನ ಮೇಲೆ ನಡೆದು ನಡೆದು ಹೊಸ ಕಾಲುದಾರಿ ಮೂಡುವಂತೆ. ನಡೆಯದಿದ್ದರೆ ದಾರಿ ಮೂಡದು. ಮೆದುಳಿಗೆ 'ನಡೆಯುವುದು' ಎಂದರೆ ಅಭ್ಯಾಸ. ಈ ಕಲಿಕೆ ಮೊದಲ ಮೂರು ತಿಂಗಳಲ್ಲಿ ಅತಿ ಚುರುಕಾಗಿರುತ್ತದೆ. ಆದ್ದರಿಂದ ಆಸ್ಪತ್ರೆಯ ದಿನಗಳನ್ನು ಕೇವಲ ಬಾಟಲಿ ನೀರು ಏರಿಸುವುದರಲ್ಲಿ ಕಳೆಯುವುದು ಸರಿಯಲ್ಲ.

ಮೊದಲ ಪಾಠ: ನುಂಗುವುದು

ಆಸ್ಪತ್ರೆಗೆ ಸೇರಿದ ಪಾರ್ಶ್ವವಾಯು ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ನುಂಗುವುದು ಸರಿಯಾಗಿ ಆಗುವುದಿಲ್ಲ. ನುಂಗಿದ್ದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಇಳಿದುಬಿಡುತ್ತದೆ. ಆದ್ದರಿಂದ ನುಂಗುವ ಪರೀಕ್ಷೆ ಆಗುವವರೆಗೆ ರೋಗಿಯ ಬಾಯಿಗೆ ನೀರು, ಮಾತ್ರೆ, ತೀರ್ಥ ಏನನ್ನೂ ಹಾಕಬೇಡಿ. "ಬಾಯಾರಿದೆ ಅಂತಾರೆ, ಒಂದು ಗುಟುಕು ಎಳನೀರು" ಎಂಬ ಕರುಣೆಯೂ ಬೇಡ. ದಾದಿಯರು ಅಥವಾ ತಜ್ಞರು ರೋಗಿಯನ್ನು ನೆಟ್ಟಗೆ ಕೂರಿಸಿ, ಮೊದಲು ಚಮಚದಲ್ಲಿ ನೀರು ಕೊಟ್ಟು, ಕೆಮ್ಮು ಬರುತ್ತದೆಯೇ, ಕುಡಿದ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಆಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಈ ಪರೀಕ್ಷೆ ಆಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಪರೀಕ್ಷೆಯಲ್ಲಿ ತೊಂದರೆ ಕಂಡರೆ ಮೂಗಿನ ಮೂಲಕ ನಳಿಕೆ ಹಾಕಿ ಆಹಾರ ಕೊಡುತ್ತಾರೆ. ಇದನ್ನು ನೋಡಿ ಗಾಬರಿಯಾಗಬೇಡಿ. ಬಹಳ ಜನರಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳಿ, ನಳಿಕೆ ತೆಗೆಯಬಹುದು.

ಬಾಯಿಯಿಂದ ಕೊಡಲು ಒಪ್ಪಿಗೆ ಸಿಕ್ಕ ಮೇಲೂ ನಿಯಮಗಳಿವೆ. ಪೂರ್ತಿ ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ತಗ್ಗಿಸಿ, ಅರ್ಧ ಚಮಚದಂತೆ, ಬಾಯಿಯ ಸರಿಯಿರುವ ಬದಿಗೆ ಕೊಡಿ. ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ನೀರು, ಕಾಫಿ, ಮಜ್ಜಿಗೆಯಂತಹ ತೆಳು ಪದಾರ್ಥಗಳೇ ಹೆಚ್ಚು ಅಪಾಯಕಾರಿ. ಮಂದವಾದ ರಾಗಿ ಗಂಜಿ, ಚೆನ್ನಾಗಿ ಹಿಸುಕಿದ ಬಾಳೆಹಣ್ಣು ಸಲೀಸಾಗಿ ಇಳಿಯುತ್ತವೆ. ಅಗಿಯದೆ ನುಂಗುವ ರಾಗಿ ಮುದ್ದೆ ಮಾತ್ರ ತಜ್ಞರು ಒಪ್ಪುವವರೆಗೆ ಬೇಡ. ಊಟವಾದ ಮೇಲೆ ಕೆನ್ನೆಯೊಳಗೆ ತುತ್ತು ಉಳಿದಿದೆಯೇ ನೋಡಿ, ಬಾಯಿ ಶುಚಿಮಾಡಿ, ಅರ್ಧ ಗಂಟೆ ಕೂತೇ ಇರಲಿ.

ಇದು ಸಣ್ಣ ವಿಷಯವೆನಿಸಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನೋಡಿ. ದಾದಿಯರು ಮೊದಲ ಮೂರು ದಿನ ಮೂರೇ ವಿಷಯಗಳ ಮೇಲೆ ಕಟ್ಟುನಿಟ್ಟಿನ ನಿಗಾ ಇಟ್ಟರು: ಜ್ವರ, ರಕ್ತದ ಸಕ್ಕರೆ ಮತ್ತು ನುಂಗುವಿಕೆ. ಮೂರು ತಿಂಗಳ ನಂತರ ನೋಡಿದಾಗ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ಇತರ ಘಟಕಗಳಲ್ಲಿ ಶೇ. 58ರಷ್ಟಿದ್ದರೆ, ಇಲ್ಲಿ ಶೇ. 42ರಷ್ಟಿದ್ದರು. ಇದರಲ್ಲಿ ಹೊಸ ಔಷಧವೂ ಇಲ್ಲ, ದೊಡ್ಡ ಯಂತ್ರವೂ ಇಲ್ಲ.

ಮಲಗಿಸುವುದೂ ಒಂದು ಚಿಕಿತ್ಸೆ

ಸೋತ ಕೈಕಾಲನ್ನು ಬಿದ್ದಲ್ಲೇ ಬಿಟ್ಟರೆ ಸ್ನಾಯುಗಳು ಬಿಗಿದುಕೊಂಡು, ಕೀಲುಗಳು ಗಡುಸಾಗುತ್ತವೆ. ಒಂದೇ ಜಾಗದಲ್ಲಿ ಭಾರ ಬಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಆದ್ದರಿಂದ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

ಸರಿಯಿರುವ ಮಗ್ಗುಲಿಗೆ ಮಲಗಿಸಿದಾಗ ಸೋತ ಕೈಯನ್ನು ಮುಂದಕ್ಕೆ ಚಾಚಿ ದಿಂಬಿನ ಮೇಲಿಡಿ. ಸೋತ ಕಾಲಿನ ಮಂಡಿ ತುಸು ಮಡಿಸಿ ಅದಕ್ಕೂ ಒಂದು ದಿಂಬು ಕೊಡಿ. ಸೋತ ಮಗ್ಗುಲಿಗೂ ಮಲಗಿಸಬಹುದು, ಆದರೆ ಆ ಭುಜ ಮೈಯಡಿ ಸಿಕ್ಕದಂತೆ ಮೆಲ್ಲಗೆ ಮುಂದಕ್ಕೆ ತಂದಿರಬೇಕು. ಅಂಗಾತ ಮಲಗಿದಾಗ ಸೋತ ಭುಜ ಮತ್ತು ಕೈಯ ಕೆಳಗೆ ದಿಂಬಿರಲಿ, ಹಿಮ್ಮಡಿ ಹಾಸಿಗೆಗೆ ತಾಗದಿರಲಿ. ನಾಲ್ಕು ದಿಂಬು, ಎರಡು ಹಳೆಯ ಸೀರೆ ಇದ್ದರೆ ಸಾಕು. ಬಿಟ್ಟ ಕೆಲಸವಿಲ್ಲದೆ ವಾರ್ಡಿನ ಹೊರಗೆ ಕಾಯುವ ನಾಲ್ಕು ನೆಂಟರಲ್ಲಿ ಒಬ್ಬರು ಈ ಕೆಲಸವನ್ನು ದಾದಿಯರಿಂದ ಕಲಿತುಕೊಳ್ಳಲಿ.

ಯಾವಾಗ ಎಬ್ಬಿಸಬೇಕು?

ಇದು ಎಲ್ಲರೂ ಕೇಳುವ ಪ್ರಶ್ನೆ. ಹಿಂದೆ ವಾರಗಟ್ಟಲೆ ಮಲಗಿಸುತ್ತಿದ್ದರು. ಆಮೇಲೆ 'ಎಷ್ಟು ಬೇಗವೋ ಅಷ್ಟು ಒಳ್ಳೆಯದು' ಎಂಬ ಅಭಿಪ್ರಾಯ ಬಂತು. ಇದನ್ನು ಪರೀಕ್ಷಿಸಲು ಐದು ದೇಶಗಳ 2104 ರೋಗಿಗಳ ಮೇಲೆ ನಡೆದ 'ಅವರ್ಟ್' ಎಂಬ ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂತು. ಒಂದು ಗುಂಪನ್ನು 24 ಗಂಟೆಯೊಳಗೇ ಎಬ್ಬಿಸಿ, ದಿನಕ್ಕೆ ಹಲವು ಬಾರಿ, ಹೆಚ್ಚು ಹೊತ್ತು ಕೂರಿಸಿ ನಿಲ್ಲಿಸಿ ನಡೆಸಿದರು. ಇನ್ನೊಂದು ಗುಂಪಿಗೆ ವಾಡಿಕೆಯ ಆರೈಕೆ. ಮೂರು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಮೊದಲ ಗುಂಪಿನಲ್ಲಿ ಶೇ. 46, ಎರಡನೆಯದರಲ್ಲಿ ಶೇ. 50! ಅಂದರೆ ಮೊದಲ ದಿನವೇ ಅತಿಯಾಗಿ ದುಡಿಸಿದರೆ ಲಾಭದ ಬದಲು ನಷ್ಟ.

ಹಾಗೆಂದು ಮಲಗಿಸಿಯೇ ಇಡಿ ಎಂದು ಅರ್ಥ ಮಾಡಿಕೊಳ್ಳಬಾರದು. ವಾಡಿಕೆಯ ಗುಂಪಿನವರೂ ಹೆಚ್ಚಾಗಿ ಒಂದೆರಡು ದಿನದೊಳಗೆ ಎದ್ದು ಕೂತವರೇ. ಇದೇ ಅಧ್ಯಯನವನ್ನು ಕೆದಕಿ ನೋಡಿದಾಗ ತಿಳಿದದ್ದು: ಒಂದೇ ಸಲ ಬಹಳ ಹೊತ್ತಿಗಿಂತ ಸ್ವಲ್ಪ ಸ್ವಲ್ಪ ಹೊತ್ತು, ಹೆಚ್ಚು ಸಲ ಎಬ್ಬಿಸುವುದು ಒಳ್ಳೆಯದು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಸಾಮಾನ್ಯವಾಗಿ ರಕ್ತದೊತ್ತಡ, ನಾಡಿ, ಪ್ರಜ್ಞೆ ಸ್ಥಿರವಾಗಿದ್ದರೆ ಒಂದು ದಿನ ಕಳೆದ ಮೇಲೆ ವೈದ್ಯರ ಒಪ್ಪಿಗೆಯೊಂದಿಗೆ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತಾರೆ. ನಂತರ ಕುರ್ಚಿಗೆ, ಬಳಿಕ ನಿಲ್ಲುವುದು, ಆಮೇಲೆ ಹೆಜ್ಜೆ. ದೊಡ್ಡ ರಕ್ತಸ್ರಾವವಾದವರಿಗೆ, ಹೃದಯ ದುರ್ಬಲವಾಗಿರುವವರಿಗೆ ಇನ್ನೂ ಕಾಯಬೇಕಾಗಬಹುದು. ಕೂರಿಸಿದಾಗ ತಲೆ ಸುತ್ತಿದರೆ, ಬೆವರಿದರೆ, ಕೈಕಾಲಿನ ಬಲ ಇನ್ನಷ್ಟು ಕುಂದಿದರೆ ಕೂಡಲೆ ಮಲಗಿಸಿ ತಿಳಿಸಿ. ಮನೆಯವರು ತಾವೇ ಸಾಹಸ ಮಾಡಿ ನಿಲ್ಲಿಸಲು ಹೋಗಬೇಡಿ. ಬಿದ್ದು ತೊಡೆಮೂಳೆ ಮುರಿದರೆ ಗಾಯದ ಮೇಲೆ ಬರೆ ಎಳೆದಂತೆ.

ಭುಜ ಜೋಪಾನ

ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸುವುದು ನಮ್ಮಲ್ಲಿ ತೀರ ಸಾಮಾನ್ಯ. ಭುಜದ ಕೀಲನ್ನು ಗೂಡಿನಲ್ಲಿ ಹಿಡಿದಿಡುವುದು ಸ್ನಾಯುಗಳು. ಅವು ಸಡಿಲವಾದಾಗ ಕೈಯ ಭಾರಕ್ಕೇ ಕೀಲು ಕೆಳಗೆ ಜಾರುತ್ತದೆ. ಆಗ ಎಳೆದರೆ ಒಳಗಿನ ನಾರುಗಳು ಹರಿದು, ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ನೋವಿರುವ ಕೈಯಿಂದ ರೋಗಿ ಅಭ್ಯಾಸ ಮಾಡುವುದಾದರೂ ಹೇಗೆ? ಆದ್ದರಿಂದ ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಕೈ ಎಳೆಯಬೇಡಿ. ಕೂತಾಗ ಕೈಯನ್ನು ಮಡಿಲಲ್ಲಿ ದಿಂಬಿನ ಮೇಲಿಡಿ, ಜೋತುಬೀಳಲು ಬಿಡಬೇಡಿ. ಅಂಗಿ ಹಾಕುವಾಗ ಮೊದಲು ಸೋತ ಕೈ, ತೆಗೆಯುವಾಗ ಕೊನೆಗೆ ಸೋತ ಕೈ. ರಾಟೆಗೆ ಹಗ್ಗ ಕಟ್ಟಿ ಕೈಯನ್ನು ತಲೆಯ ಮೇಲಕ್ಕೆ ಎಳೆಯುವ ವ್ಯಾಯಾಮವೂ ಬೇಡ.

ಕೆಲಸವೇ ವ್ಯಾಯಾಮ

ಫಿಸಿಯೋಥೆರಪಿಸ್ಟ್ ದಿನಕ್ಕೆ ಅರ್ಧ ಗಂಟೆ ಬಂದು ಹೋಗುತ್ತಾರೆ. ಉಳಿದ ಇಪ್ಪತ್ತಮೂರೂವರೆ ಗಂಟೆ ಏನು ಮಾಡಬೇಕು? ಮೆದುಳು ಕಲಿಯುವುದು ಅರ್ಥವಿರುವ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ. ರೋಗಿಯ ಕೈಗೆ ಲೋಟ ಕೊಡಿ, ಬಾಚಣಿಗೆ ಕೊಡಿ. ಟವೆಲು ಮಡಚಲಿ, ಮುಖ ಒರೆಸಿಕೊಳ್ಳಲಿ. ಸೋತ ಕೈ ಪೂರ್ತಿ ಮಾಡಲಾಗದಿದ್ದರೆ ಸರಿಯಿರುವ ಕೈಯ ಜೊತೆ ಸೇರಲಿ. ಎರಡು ನಿಮಿಷದಲ್ಲಿ ನೀವು ಮಾಡಿಬಿಡಬಹುದಾದ ಕೆಲಸಕ್ಕೆ ಅವರು ಹತ್ತು ನಿಮಿಷ ತೆಗೆದುಕೊಂಡರೆ ತಡೆದುಕೊಳ್ಳಿ. ಆ ಹತ್ತು ನಿಮಿಷವೇ ಚಿಕಿತ್ಸೆ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಲ್ಲಿ ವಿಚಿತ್ರವಾದ ತೊಂದರೆಯೊಂದು ಕಾಣುತ್ತದೆ. ಎಡಭಾಗದ ಜಗತ್ತೇ ಅವರ ಗಮನಕ್ಕೆ ಬರುವುದಿಲ್ಲ. ಎಲೆಯ ಬಲಗಡೆಯದನ್ನು ಉಂಡು ಎಡಗಡೆ ಬಡಿಸಿದ ಪಲ್ಯವನ್ನು ಹಾಗೇ ಬಿಟ್ಟಿರುತ್ತಾರೆ. ಅರ್ಧ ಮುಖಕ್ಕೆ ಮಾತ್ರ ಕ್ಷೌರ ಮಾಡಿಕೊಳ್ಳುತ್ತಾರೆ. ಇದು ಹಟವೂ ಅಲ್ಲ, ಅರುಳುಮರುಳೂ ಅಲ್ಲ. "ಎಡಗಡೆ ನೋಡಿ" ಎಂದು ಮತ್ತೆ ಮತ್ತೆ ನೆನಪಿಸಿ, ಎಡಬದಿಯಲ್ಲಿ ಕೂತು ಮಾತನಾಡಿಸಿ.

ಮಾತು ಹೋದವರಿಗೆ

1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯ ಬಗ್ಗೆ ವರದಿ ಮಾಡಿದರು. ಆತ ಏನು ಕೇಳಿದರೂ 'ಟಾನ್' ಎಂದಷ್ಟೇ ಹೇಳುತ್ತಿದ್ದ. ಬೇರೆಯವರ ಮಾತು ಮಾತ್ರ ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಸತ್ತ ನಂತರ ನೋಡಿದಾಗ ಮೆದುಳಿನ ಎಡ ಮುಂಭಾಗ ಹಾಳಾಗಿತ್ತು. ಮಾತು ಬಾರದವರಿಗೆ ಬುದ್ಧಿಯೂ ಇಲ್ಲ ಎಂದು ತಿಳಿಯಬಾರದೆಂಬುದಕ್ಕೆ ಇದು ಹಳೆಯ ಸಾಕ್ಷಿ.

ಇಂಥವರ ಮಂಚದ ಪಕ್ಕದಲ್ಲೇ ನಿಂತು "ಇನ್ನು ಇವರ ಕತೆ ಮುಗಿಯಿತು" ಎಂದು ಆಸ್ತಿಯ ವಿಚಾರ ಮಾತನಾಡುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. ಅವರಿಗೆ ಕೇಳಿಸುತ್ತಿರುತ್ತದೆ. ಎದುರಿಗೆ ಕೂತು, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಮಾತನಾಡಿ. ಕಿವುಡರೊಡನೆಂಬಂತೆ ಕೂಗಬೇಡಿ. "ಕಾಫಿಯೋ, ಹಾಲೋ?" ಎಂದು ಎರಡನ್ನೂ ತೋರಿಸಿ ಕೇಳಿ. ಉತ್ತರಕ್ಕೆ ಕಾಯಿರಿ. ವಾಕ್ ಚಿಕಿತ್ಸಕರ ನೆರವು ಆಸ್ಪತ್ರೆಯಲ್ಲಿಯೇ ಸಿಕ್ಕರೆ ಒಳ್ಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳಲ್ಲಿ ಇದಕ್ಕೆ ವಿಶೇಷ ಸೌಲಭ್ಯವಿದೆ.

ಮನಸ್ಸಿನ ಸೋಲು

ಪಾರ್ಶ್ವವಾಯುವಿನ ನಂತರ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಊಟ ಬೇಡವೆನ್ನುವುದು, ನಿದ್ರೆ ಕೆಡುವುದು, ವ್ಯಾಯಾಮಕ್ಕೆ ಬೆನ್ನು ತಿರುಗಿಸಿ ಮಲಗುವುದು, ಮಾತುಮಾತಿಗೆ ಅಳುವುದು ಇದರ ಲಕ್ಷಣಗಳು. "ಸೋಮಾರಿತನ" ಎಂದು ಗದರಿಸಬೇಡಿ. ವೈದ್ಯರಿಗೆ ತಿಳಿಸಿ. ಇದಕ್ಕೆ ಚಿಕಿತ್ಸೆಯಿದೆ, ಮತ್ತು ಮನಸ್ಸು ಎದ್ದರೆ ಕಾಲೂ ಬೇಗ ಏಳುತ್ತದೆ.

ಎಣ್ಣೆ, ಮಾತ್ರೆ, ನಾಟಿ ಮದ್ದು

ಪಾರಿವಾಳದ ರಕ್ತ ಹಚ್ಚಿಸಲು ಆಸ್ಪತ್ರೆಯಿಂದ ಹಟ ಮಾಡಿ ಕರೆದೊಯ್ದವರಿದ್ದಾರೆ. ಇದರಿಂದ ಮೆದುಳಿಗೆ ಯಾವ ಉಪಯೋಗವೂ ಇಲ್ಲ. ಅಮೂಲ್ಯ ದಿನಗಳು ಮಾತ್ರ ಕಳೆದುಹೋಗುತ್ತವೆ. ಎಣ್ಣೆ ನೀವುವುದರಿಂದ ರೋಗಿಗೆ ಹಿತವೆನಿಸಬಹುದು, ಆದರೆ ಅದು ಅಭ್ಯಾಸದ ಬದಲಿಯಲ್ಲ. ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ಅಥವಾ ನೋಯುತ್ತಿದ್ದರೆ ಖಂಡಿತ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ನಮ್ಮ ಆಧುನಿಕ ವೈದ್ಯಪದ್ಧತಿಯಲ್ಲೂ ಇಂತಹ ಆಸೆಗಳಿಗೆ ಕೊರತೆಯಿಲ್ಲ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಮಾತ್ರೆಯಿಂದ ಕೈಕಾಲಿನ ಬಲ ಬೇಗ ಮರಳುತ್ತದೆ ಎಂದು 2011ರ ಒಂದು ಸಣ್ಣ ಅಧ್ಯಯನ ಹೇಳಿತ್ತು. 2018 ಮತ್ತು 2020ರಲ್ಲಿ ಬಂದ ದೊಡ್ಡ ಅಧ್ಯಯನಗಳಲ್ಲಿ ಹಾಗಾಗಲಿಲ್ಲ. ಮೇಲಾಗಿ ಮೂಳೆ ಮುರಿತ ಹೆಚ್ಚಾಯಿತು. ಖಿನ್ನತೆ ಇದ್ದವರಿಗೆ ಆ ಮಾತ್ರೆ ಬೇಕಾಗಬಹುದು, ಬಲ ಬರಲೆಂದು ಅಲ್ಲ.

ಮನೆಯವರು ಎಷ್ಟು ಮಾಡಬಹುದು?

ನಮ್ಮ ದೇಶದಲ್ಲಿ ಚಿಕಿತ್ಸಕರು ಕಡಿಮೆ, ಕುಟುಂಬದ ಆಸರೆ ಹೆಚ್ಚು. ಹಾಗಿದ್ದರೆ ಮನೆಯವರಿಗೇ ಕಲಿಸಿಬಿಟ್ಟರೆ ಸಾಲದೆ? ಭಾರತದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. 2017ರಲ್ಲಿ ಬಂದ ಫಲಿತಾಂಶ ನಿರಾಶಾದಾಯಕ. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 47ರಷ್ಟು ಜನ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಇದರಿಂದ ಮನೆಯವರ ಶ್ರಮ ವ್ಯರ್ಥವೆಂದು ನಾನು ಹೇಳುವುದಿಲ್ಲ. ತರಬೇತಾದ ಚಿಕಿತ್ಸಕರ ಜಾಗವನ್ನು ಮನೆಯವರಿಂದ ತುಂಬಿಸಲಾಗದು ಎಂಬುದೇ ನನ್ನ ದೃಷ್ಟಿಯಲ್ಲಿ ಇದರ ಪಾಠ. ಮಗ್ಗುಲು ಬದಲಿಸುವುದು, ಎಚ್ಚರದಿಂದ ಉಣಿಸುವುದು, ಭುಜ ಕಾಯುವುದು, ಧೈರ್ಯ ತುಂಬುವುದು ನಿಮ್ಮ ಕೆಲಸ. ಯಾವ ಅಭ್ಯಾಸ, ಎಷ್ಟು, ಯಾವಾಗ ಬದಲಿಸಬೇಕು ಎಂಬುದು ಅವರ ಕೆಲಸ. ವೈದ್ಯರು, ದಾದಿಯರು, ಚಿಕಿತ್ಸಕರು ಒಂದೇ ತಂಡವಾಗಿ ದುಡಿಯುವ ಪಾರ್ಶ್ವವಾಯು ಘಟಕಗಳಲ್ಲಿ ಸಾವೂ ಕಡಿಮೆ, ಪರಾವಲಂಬನೆಯೂ ಕಡಿಮೆ ಎಂಬುದು ಹಲವು ದೇಶಗಳಲ್ಲಿ ಸಿದ್ಧಪಟ್ಟಿರುವ ಸಂಗತಿ.

ಮನೆಗೆ ಕಳಿಸುವ ಮುನ್ನ ಕೇಳಿ

ಬಿಡುಗಡೆಯ ದಿನ ಬಿಲ್ಲು, ಔಷಧಿ ಚೀಟಿಗಳ ಗಡಿಬಿಡಿಯಲ್ಲಿ ಈ ಪ್ರಶ್ನೆಗಳು ಮರೆತುಹೋಗುತ್ತವೆ. ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

1. ಬಾಯಿಯಿಂದ ಏನೇನು ಕೊಡಬಹುದು, ಏನನ್ನು ಕೊಡಬಾರದು?

2. ಹಾಸಿಗೆಯಿಂದ ಕುರ್ಚಿಗೆ ಹೇಗೆ ದಾಟಿಸಬೇಕು? ಹೇಳಿದರೆ ಸಾಲದು, ನಿಮ್ಮ ಕೈಯಿಂದ ಒಮ್ಮೆ ಮಾಡಿಸಿ ತೋರಿಸಲಿ.

3. ದಿನಕ್ಕೆ ಯಾವ ಅಭ್ಯಾಸ, ಎಷ್ಟು ಸಲ?

4. ಮೂತ್ರದ ನಳಿಕೆ ಇನ್ನೂ ಬೇಕೇ? ಬೇಡವಾದರೆ ಬೇಗ ತೆಗೆದಷ್ಟೂ ಸೋಂಕು ಕಡಿಮೆ.

5. ಮುಂದಿನ ಫಿಸಿಯೋಥೆರಪಿ ಎಲ್ಲಿ? ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆಯೇ?

6. ರಕ್ತದೊತ್ತಡ, ಸಕ್ಕರೆ ಎಷ್ಟಿರಬೇಕು? ಯಾವ ಮಾತ್ರೆಯನ್ನು ಎಂದೂ ನಿಲ್ಲಿಸಬಾರದು? ಎರಡನೆಯ ಆಘಾತವನ್ನು ತಡೆಯುವುದು ಈ ಮಾತ್ರೆಗಳೇ. ಬೀಡಿ, ಸಿಗರೇಟು, ಹೊಗೆಸೊಪ್ಪಿಗಂತೂ ವಿದಾಯ ಹೇಳಲೇಬೇಕು.

ಮನೆಯಲ್ಲಿ ಕಕ್ಕಸಿನ ಗೋಡೆಗೆ ಹಿಡಿಗಂಬಿ, ಕೂರಲು ಎತ್ತರದ ಪೀಠ, ಜಾರದ ನೆಲ ಇಷ್ಟನ್ನು ರೋಗಿ ಬರುವ ಮೊದಲೇ ಸಿದ್ಧಪಡಿಸಿ.

ಎಲ್ಲರೂ ಮೊದಲಿನಂತಾಗುತ್ತಾರೆಂದು ನಾನು ಭರವಸೆ ಕೊಡಲಾರೆ. ಪೆಟ್ಟು ದೊಡ್ಡದಾಗಿದ್ದರೆ ಎಷ್ಟು ಮಾಡಿದರೂ ಒಂದಷ್ಟು ಕೊರತೆ ಉಳಿಯುತ್ತದೆ. ಆರು ತಿಂಗಳಾಯಿತು, ಇನ್ನು ಆಸೆಯಿಲ್ಲ ಎನ್ನುವುದೂ ತಪ್ಪು. ಅಭ್ಯಾಸ ಬಿಡದವರಲ್ಲಿ ವರ್ಷದ ನಂತರವೂ ಸುಧಾರಣೆ ಕಂಡುಬರುತ್ತದೆ. ಆದರೆ ತಡೆಯಬಹುದಾದ ನ್ಯುಮೋನಿಯಾ, ತಡೆಯಬಹುದಾದ ಹುಣ್ಣು, ತಡೆಯಬಹುದಾದ ಭುಜದ ನೋವು, ಇವು ಮೆದುಳಿನ ಪೆಟ್ಟಿನ ಜೊತೆ ಸೇರಿಕೊಳ್ಳಬಾರದು.

ಈಗ ನನ್ನ ರೋಗಿಗಳಲ್ಲಿ ಯಾರಾದರೂ ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದರೆ, ನೋಡಲು ಹೋದಾಗ ಮೊದಲು ಗಮನಿಸುವುದು ಸ್ಕ್ಯಾನ್ ಚಿತ್ರವನ್ನಲ್ಲ. ಮಂಚದ ಪಕ್ಕದ ಮೇಜಿನ ಮೇಲೆ ಚಮಚ, ಗಂಜಿ ಲೋಟ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಪಕ್ಕದಲ್ಲಿರುವವರನ್ನು ಕೇಳುತ್ತೇನೆ: "ನುಂಗುವ ಪರೀಕ್ಷೆ ಆಯಿತೇ?" ಅಂದು ದೊಡ್ಡಮ್ಮನನ್ನು ಕೇಳಬೇಕಾಗಿದ್ದ ಪ್ರಶ್ನೆ ಅದು. ಇನ್ನು ಮುಂದೆ ನೀವೂ ಕೇಳಿ.